ಖೈರುನ್ನಿಸಾ ಮೇಡಂ ಅವರ ಬೆಟ್ಟದ ಬಿಡಾರ

ಸೀರೆಯ ನೆರಿಗೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ತೊಡುತ್ತಿದ್ದ ಹೆಂಗಸು ಆ ಕಾಲದ ಸೊರಬದಲ್ಲಿ ಒಬ್ಬರೇ ಇದ್ದರು. ಶಿರಾಳಕೊಪ್ಪದ ಬಸ್ಸು ನಿಂತ ಕೂಡಲೇ ಮೊದಲು ಆ ಬೂಟು ಇಳಿಯುತ್ತಿತ್ತು. ಅನಂತರ ಕೊರಳಿನ ಕರಿದಾರದಲ್ಲಿ ತೂಗುವ ಸೀಟಿ. ಆಮೇಲೆ ಖೈರುನ್ನಿಸಾ ಮೇಡಂ. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಣದ ಅಧ್ಯಾಪಕಿ, ಮಕ್ಕಳ ಬಾಯಲ್ಲಿ ‘ಡ್ರಿಲ್ ಮೇಡಂ’. ನನ್ನ ತರಗತಿ ಮುಗಿದ ಮೇಲೆ ಬಂದು ಉಳಿದ ಸೀಮೆಸುಣ್ಣದ ತುಂಡುಗಳನ್ನು ಆರಿಸಿಕೊಳ್ಳುತ್ತಿದ್ದರು. ಅವನ್ನು ನೀರಿನಲ್ಲಿ ಅದ್ದಿ ಬೂಟಿಗೆ ತಿಕ್ಕುತ್ತಿದ್ದರು. “ನಿಮ್ಮ ವ್ಯಾಕರಣ ನನ್ನ ಕಾಲಿಗೆ ಬಂತು ನೋಡ್ರಿ” ಎಂದು ನಗುತ್ತಿದ್ದರು.

ನಾನು ಆ ವರ್ಷವೇ ಕನ್ನಡ ಕಲಿಸಲು ಸೇರಿದ್ದೆ. ಈಸೂರಿನ ನಮ್ಮ ಮನೆಯಲ್ಲಿ ಪದವಿ ಪಡೆದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಆ ಪದವಿಯ ಜೊತೆಯಲ್ಲಿಯೇ ತಪ್ಪು ಮಾತು ಆಡಿಬಿಡುವ ಭಯವೂ ನನಗೆ ದೊರೆತಿತ್ತು. ಒಂದು ರಜೆಯ ಅರ್ಜಿಯನ್ನೂ ಮತ್ತೆ ಮತ್ತೆ ತಿದ್ದಿ ಬರೆಯುತ್ತಿದ್ದೆ. ಅದನ್ನು ಕಂಡಾಗಲೆಲ್ಲ ಮೇಡಂ ಒಂದೇ ಮಾತು ಹೇಳುತ್ತಿದ್ದರು: “ಗಾಬರಿ ಆಮೇಲೆ ಆಗೋಣ್ರಿ, ಈಗ ಹೊತ್ತಿಲ್ಲ.”

ಹತ್ತನೆಯ ತರಗತಿಯ ಹುಡುಗಿಯರನ್ನು ಕೊಡಚಾದ್ರಿಗೆ ಕರೆದೊಯ್ದು, ಅಲ್ಲಿಯೇ ಡೇರೆ ಹಾಕಿ ಒಂದು ರಾತ್ರಿ ಇರಿಸಬೇಕೆಂಬುದು ಅವರ ಯೋಜನೆಯಾಗಿತ್ತು. ತರಬೇತಿಯ ದಿನಗಳಲ್ಲಿ ಅವರನ್ನು ಯಾವುದೋ ಬೆಟ್ಟಕ್ಕೆ ಕರೆದೊಯ್ದಿದ್ದರಂತೆ. “ಬೆಳಿಗ್ಗೆ ಎದ್ದು ನೋಡ್ತೀನಿ, ಮೋಡ ನನ್ನ ಕಾಲ ಕೆಳಗೆ ಇತ್ರಿ. ಆವತ್ತಿಂದ ಯಾರು ಎಷ್ಟು ದೊಡ್ಡ ದನಿ ಮಾಡಿ ಬೈದ್ರೂ ಅವರು ನನಗೆ ಅಷ್ಟು ಎತ್ತರ ಕಾಣಲ್ಲ. ಈ ಹುಡುಗೀರಿಗೆ ಬೇಸಿಗೆ ಬಂದ್ರೆ ಮದುವೆ. ಅದಕ್ಕಿಂತ ಮುಂಚೆ ಒಂದು ಸಲ ಮೋಡ ಕೆಳಗೆ ನೋಡ್ಲಿ. ಇಷ್ಟೇ ನನ್ನ ಆಸೆ” ಎಂದಿದ್ದರು.

ಮುಖ್ಯೋಪಾಧ್ಯಾಯರು ಬೇಡವೆನ್ನಲಿಲ್ಲ. ಪ್ರತಿಯೊಬ್ಬ ಹುಡುಗಿಯ ಮನೆಯವರೂ ಒಪ್ಪಬೇಕೆಂದರು. ತರಗತಿಯ ಅರ್ಧದಷ್ಟು ಮಕ್ಕಳು ಹೊಸಬಾಳೆಯವರಾಗಿದ್ದುದರಿಂದ, ಆ ಊರಿನವರು ಒಪ್ಪದಿದ್ದರೆ ಪ್ರವಾಸವನ್ನೇ ಕೈಬಿಡಬೇಕೆಂದೂ ಸೇರಿಸಿದರು.

ಸಿದ್ಧತೆ ಆರಂಭವಾಯಿತು. ಮೇಡಂ ಅವರ ಅಣ್ಣನಿಗೆ ಶಿರಾಳಕೊಪ್ಪದಲ್ಲಿ ತಾಡಪಾಲಿನ ಅಂಗಡಿ ಇತ್ತು. ಲಾರಿಯ ಸರಕಿಗೆ ಹೊದಿಸಿ ಹಳತಾದ ಎರಡು ತಾಡಪಾಲುಗಳು ಬಸ್ಸಿನ ಮೇಲೇರಿ ಬಂದವು. ಬಿಚ್ಚಿದರೆ ಶಾಲೆಯ ಅಂಗಳವೆಲ್ಲ ಬೆಲ್ಲದ ವಾಸನೆ. ಮೊದಲ ದಿನ ಕಟ್ಟಿದ ಡೇರೆ ಒಳಗಿದ್ದ ಹುಡುಗಿಯರ ಮೇಲೆಯೇ ಕುಸಿಯಿತು. ತಾಡಪಾಲಿನೊಳಗಿಂದ ನಗು ಕೇಳಿಸುತ್ತಿತ್ತು. ಮೇಡಂ ಹೊರಗೆ ಸೀಟಿ ಊದುತ್ತಿದ್ದರು. “ಬಿದ್ದಿದ್ದು ಒಳ್ಳೇದೇ ಆಯ್ತು. ಬೆಟ್ಟದ ಮೇಲೆ ಬೀಳೋದನ್ನ ಇಲ್ಲೇ ಬಿದ್ದು ಮುಗಿಸಿದ್ವಿ” ಎಂದು ಗೂಟಗಳನ್ನು ಮತ್ತೆ ಹುಗಿಸಿದರು. ಒಂದು ಭಾನುವಾರ ಚಂದ್ರಗುತ್ತಿಯ ಗುಡ್ಡವನ್ನು ಹತ್ತಿಸಿ ಎಲ್ಲರ ಉಸಿರನ್ನೂ ಪರೀಕ್ಷಿಸಿದರು. ನನ್ನ ಉಸಿರು ತೇರ್ಗಡೆಯಾಗಲಿಲ್ಲ. ಆದರೂ ನನ್ನನ್ನು ಬಿಡಲಿಲ್ಲ.

ಅನುಮತಿ ಪತ್ರಕ್ಕಾಗಿ ನಾವಿಬ್ಬರೂ ಅರಣ್ಯ ಕಚೇರಿಗೆ ಹೋದೆವು. ನಾನು ಬರೆದಿದ್ದ ಅರ್ಜಿಯನ್ನು ಅಲ್ಲಿದ್ದ ಗುಮಾಸ್ತರು ಓದದೆಯೇ ಪಕ್ಕಕ್ಕಿಟ್ಟು, “ಅದು ಸರ್ಕಾರದ ಕಾಡು ಕಣಮ್ಮ. ನಿಮ್ಮಪ್ಪನ ಜಾಗ ಅಲ್ಲ, ಬೇಕಾದಾಗ ಹೋಗಿ ಮಲಗೋಕೆ” ಎಂದರು. ನಾನು ಬಾಗಿಲತ್ತ ತಿರುಗಿದೆ. ಮೇಡಂ ಮಾತ್ರ ಕುರ್ಚಿ ಎಳೆದು ಕುಳಿತರು.

“ನಮ್ಮಪ್ಪಂದಲ್ಲ ಅಂತಲೇ ಕೇಳೋಕೆ ಬಂದಿರೋದು ಸಾರ್. ಅವರದ್ದಾಗಿದ್ರೆ ನಿಮ್ಮನ್ನ್ಯಾಕೆ ಕೇಳ್ತಿದ್ವಿ? ಸರ್ಕಾರದ್ದು ಅಂದ ಮೇಲೆ ಈ ಹುಡುಗೀರದ್ದೂ ಹೌದಲ್ರಿ?”

ಗುಮಾಸ್ತರು ನಕ್ಕರು. ಅರ್ಜಿ ಒಳಗೆ ಹೋಯಿತು. ಕಾಡಿಗೆ ಕಿಚ್ಚು ತಗುಲದಂತೆ ಕಲ್ಲಿನ ಒಲೆಯಲ್ಲಿ ಮಾತ್ರ ಬೆಂಕಿ ಹಾಕಬೇಕು, ಗಾರ್ಡ್ ಹೇಳಿದ ಜಾಗದಲ್ಲೇ ಡೇರೆ ಹೂಡಬೇಕು ಎಂಬ ಷರತ್ತುಗಳೊಡನೆ ಹೊರಗೆ ಬಂದಿತು. ಸರ್ಕಾರವೇ ಒಪ್ಪಿದ ಮೇಲೆ ಹೊಸಬಾಳೆ ಒಪ್ಪದೆ ಇದ್ದೀತೆ ಎಂದುಕೊಂಡೆವು. ಎಡವಿದ್ದು ಅಲ್ಲಿಯೇ.

ಅದು ತುರ್ತು ಪರಿಸ್ಥಿತಿಯ ಕಾಲ. ನಾವು ಹೊಸಬಾಳೆಗೆ ಹೋದಾಗ ಕಟ್ಟೆಯ ಮೇಲೆ ಗಂಡಸರು ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ಮೇಡಂ ತಮ್ಮ ಮೈದಾನದ ದನಿಯಲ್ಲಿಯೇ ಹೇಳಿದರು: “ನಮಸ್ಕಾರ ರೀ! ಮುಂದಿನ ತಿಂಗಳು ಕ್ಯಾಂಪ್ ಇದೆ. ಹೆಸರು ಬರ್ಕೊಳ್ಳೋಕೆ ಬಂದಿದ್ದೀವಿ.”

ಒಬ್ಬನಿಗೆ ಎಮ್ಮೆಯ ನೆನಪಾಯಿತು. ಇನ್ನೊಬ್ಬನಿಗೆ ಗದ್ದೆಯ ನೀರಿನ ನೆನಪಾಯಿತು. ನೋಡನೋಡುತ್ತಿದ್ದಂತೆ ಕಟ್ಟೆ ಬರಿದಾಗತೊಡಗಿತು. ಮರ್ಯಾದೆಗಾಗಿ ಉಳಿದಿದ್ದ ಒಬ್ಬ ಹಿರಿಯರಿಗೆ ಇಂಗ್ಲಿಷ್ ಪದ ತಿಳಿದಿರಲಾರದೆಂದು ಭಾವಿಸಿ, ನಾನು ವಿನಯದಿಂದ, “ಕ್ಯಾಂಪ್ ಎಂದರೆ ಶಿಬಿರ” ಎಂದು ಬಿಡಿಸಿ ಹೇಳಿದೆ. ಅವರು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದರು.

ಆಗ ನನ್ನ ಕಣ್ಣು ಎದುರಿನ ಗೋಡೆಗೆ ಬಿದ್ದಿತು. ಕೆಂಪು ತ್ರಿಕೋನದ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ಕುಟುಂಬ ಯೋಜನೆ ಶಿಬಿರ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಜನರನ್ನು ಒಪ್ಪಿಸಿ ಕರೆತರಬೇಕೆಂದು ಆಗ ಶಿಕ್ಷಕರ ಮೇಲೂ ಒತ್ತಾಯವಿತ್ತು. ಊರಿನವರ ಪಾಲಿಗೆ ಕ್ಯಾಂಪ್ ಎಂದರೂ ಅದೇ, ಶಿಬಿರ ಎಂದರೂ ಅದೇ. ಹೆಸರು ಬರೆದುಕೊಳ್ಳಲು ಬರುವ ಮೇಷ್ಟರೆಂದರಂತೂ ಅದೇ!

ನಮ್ಮ ವಿದ್ಯಾರ್ಥಿನಿ ಕಲಾವತಿಯ ಮನೆ ಹತ್ತಿರದಲ್ಲಿಯೇ ಇತ್ತು. ಅಲ್ಲಿ ಬಾಗಿಲಿಗೆ ಅಡ್ಡವಾಗಿ ಅವಳ ಅಜ್ಜಿ ಕುಳಿತಿದ್ದರು.

“ನನ್ನ ಮಗ ಮನ್ಯಾಗಿಲ್ಲ” ಎಂದರು ಅಜ್ಜಿ.

“ಇಲ್ಲ ಅಂತ ಹೇಳವ್ವ!” ಎಂದು ಅಟ್ಟದ ಮೇಲಿನಿಂದ ಗಂಡಸಿನ ದನಿ ಕೇಳಿಬಂತು.

“ಹೇಳ್ದೆ ಸುಮ್ನಿರೋ!” ಎಂದು ಮೇಲಕ್ಕೆ ಗದರಿ, ಅಜ್ಜಿ ನಮ್ಮತ್ತ ತಿರುಗಿದರು. “ನೋಡ್ರವ್ವ, ಅವನಿಗೆ ಮೂರೂ ಹೆಣ್ಣು. ಒಂದು ಗಂಡಾಗ್ಲಿ, ಆಮೇಲೆ ಕರ್ಕೊಂಡು ಹೋಗ್ರಿ. ನಾನೇ ಕಳಿಸ್ತೀನಿ.”

ನಾನು ‘ಪರ್ವತಾರೋಹಣ’, ‘ಶೈಕ್ಷಣಿಕ ಪ್ರಯೋಜನ’ ಎಂದೇನೋ ಆರಂಭಿಸಿದೆ. ಅಜ್ಜಿಯ ಮುಖ ಇನ್ನಷ್ಟು ಬಿಗಿಯಿತು. ಮೇಡಂ ನನ್ನ ಮೊಣಕೈ ಚಿವುಟಿ, “ಪುಸ್ತಕ ಮುಚ್ರಿ. ನಿಮ್ಮವ್ವನ ಹತ್ರ ಹೆಂಗೆ ಮಾತಾಡ್ತೀರೋ ಹಂಗೆ ಮಾತಾಡ್ರಿ” ಎಂದು ಪಿಸುಗುಟ್ಟಿದರು. ಕಾಲೇಜು ಸೇರಿದ ಮೇಲೆ ಹೊರಗಿನವರೆದುರು ನಾನು ಆ ಮಾತನ್ನು ಆಡಿರಲಿಲ್ಲ.

“ಅಜ್ಜಿ, ಅದಲ್ಲ ಇದು. ಗುಡ್ಡದ ಮ್ಯಾಲೆ ಒಂದು ರಾತ್ರಿ ಬಿಡಾರ ಬಿಡೋದು. ಬೆಳಗಾದ್ರೆ ಇಳಿದು ಬರೋದು. ಬರೀ ಹುಡುಗೀರು, ನಾವಿಬ್ರು ಅಕ್ಕೋರು, ಜೊತೀಗೆ ಕಾಡಿನ ಗಾರ್ಡು. ಇಷ್ಟ ಐತಿ.”

ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. “ನಿಂದು ಯಾವೂರೇ?”

“ಈಸೂರು.”

“ಈಸೂರಾ? ಯಾರ ಮಗಳೇ ನೀನು?”

ನಮ್ಮಜ್ಜಿಯ ಹೆಸರು ಹೇಳಿದೆ. ಬಾಗಿಲು ತಾನಾಗಿ ತೆರೆಯಿತೆನ್ನಬೇಕು. ನಲವತ್ತೆರಡರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಈಸೂರು ಅವರ ತವರಾಗಿತ್ತು. ತವರಿನ ಹುಡುಗಿಯನ್ನು ಹೊರಗೆ ನಿಲ್ಲಿಸಿದ್ದಕ್ಕೆ ತಮ್ಮನ್ನೇ ಬೈದುಕೊಂಡು, ನಮ್ಮಿಬ್ಬರನ್ನೂ ಒಳಗೆ ಕೂರಿಸಿ ಬೆಲ್ಲ ನೀರು ಕೊಟ್ಟರು. ಎದುರಿಗೆ ಕುಳಿತು ಹೇಳಿದರು:

“ನಾನೂ ಬಿಡಾರ ಬಿಟ್ಟೋಳೇ ಕಣೇ. ದಂಗೆ ವರ್ಷ ತವರಿಗೆ ಹೋಗಿದ್ದೆ. ಪೊಲೀಸ್ರು ಊರಿಗೆ ಬಂದ್ರು ಅಂತ ಹೆಂಗಸ್ರೆಲ್ಲ ಮಕ್ಕಳನ್ನ ಎಳ್ಕೊಂಡು ಕಾಡು ಹೊಕ್ವಿ. ಅಟ್ಟ ಹತ್ತಿ ಕುಂತಾನಲ್ಲ, ಅವನು ಆಗ ನನ್ನ ಸೆರಗು ಹಿಡ್ಕೊಂಡು ಓಡ್ತಿದ್ದ. ಎಲೆ ಅಲ್ಲಾಡಿದ್ರೂ ಎದೆ ಹೊಡ್ಕೊಳ್ಳೋದು. ಕೂಸು ಅತ್ರೆ ಬಾಯಿಗೆ ಕೈ. ಮ್ಯಾಲೆ ಚುಕ್ಕಿ ಇದ್ವೋ ಇಲ್ವೋ, ಯಾರು ನೋಡ್ಯಾರೆ?”

ಮೇಡಂ ಬೆಲ್ಲ ನೀರಿನ ಲೋಟವನ್ನು ಕೆಳಗಿಟ್ಟರು.

“ಹೆದರಿಕಿಲ್ದೆ ಕಾಡಾಗೆ ಮಲಗಿದ್ರೆ ಹೆಂಗಿರ್ತೈತಿ ಅಂತ ನನ್ನ ಮೊಮ್ಮಗಳು ಬಂದು ಹೇಳ್ಲಿ. ಕರ್ಕೊಂಡು ಹೋಗ್ರಿ” ಎಂದ ಅಜ್ಜಿ ಅಟ್ಟದತ್ತ ತಲೆಯೆತ್ತಿದರು. “ಇಳಿಯೋ ಕೆಳಗೆ! ನಿನ್ನ ಯಾರೂ ಕೇಳಿಲ್ಲ. ಬಂದು ಸೈನ್ ಹಾಕು.”

ಮೈಗೆಲ್ಲ ಜೇಡರ ಬಲೆ ಅಂಟಿಸಿಕೊಂಡು ಕಲಾವತಿಯ ಅಪ್ಪ ಇಳಿದು ಬಂದ. “ಕ್ಯಾಂಪ್ ಅಂದ್ರಲ್ರೀ…” ಎಂದು ರಾಗ ಎಳೆದ.

“ಯಾರ್ರೀ ಅಂದಿದ್ದು? ಬಿಡಾರ ಅಂದ್ವಿ” ಎಂದರು ಮೇಡಂ, ರೆಪ್ಪೆ ಬಡಿಯದೆ.

ಆ ದಿನ ಅಜ್ಜಿ ನಮ್ಮೊಡನೆ ಮನೆಮನೆಗೂ ಬಂದರು. ಹೊಸಬಾಳೆ ಒಪ್ಪಿತು.

ಜನವರಿಯಲ್ಲಿ ನಾವು ಕೊಡಚಾದ್ರಿ ಹತ್ತಿದೆವು. ಗಾಳಿ ಕಂಬಳಿಯನ್ನು ದಾಟಿ ಎಲುಬಿಗೆ ತಾಗುತ್ತಿತ್ತು. ಗಾರ್ಡ್ ತೋರಿಸಿದ ಬಯಲಿನಲ್ಲಿ ಬೆಲ್ಲದ ವಾಸನೆಯ ಡೇರೆಗಳು ಬೀಳದೆ ನಿಂತವು. ಜೋಳದ ರೊಟ್ಟಿ ತಂದವರೂ ಅಕ್ಕಿರೊಟ್ಟಿ ತಂದವರೂ ಒಂದೇ ಚಟ್ನಿಪುಡಿಗೆ ಜಗಳವಾಡಿದರು. ಬೆಳಗಿನ ಜಾವ ಹೊರಗೆ ಬಂದಾಗ, ಕಲಾವತಿ ಕಂಬಳಿ ಹೊದ್ದು ಮೇಡಂ ಅವರ ಪಕ್ಕದಲ್ಲಿ ಬಂಡೆಯ ಮೇಲೆ ಕುಳಿತಿದ್ದಳು. ನಿದ್ದೆ ಬರಲಿಲ್ಲವೇ ಎಂದು ಕೇಳಿದೆ. “ನಿದ್ದೆ ಮಾಡಿಬಿಟ್ರೆ ಅಜ್ಜಿಗೆ ಏನಂತ ಹೇಳ್ಲಿ ಮೇಡಂ?” ಎಂದಳು. ಅವರ ಕಾಲ ಕೆಳಗೆ, ದೂರದವರೆಗೂ, ಮೋಡ ಅರಳೆಯಂತೆ ಹರಡಿಕೊಂಡಿತ್ತು. ಬಿಳಿಯ ಬೂಟುಗಳೆರಡೂ ಅದರ ಮೇಲೆ ತೂಗಾಡುತ್ತಿದ್ದವು.

ಬೇಸಿಗೆಯಲ್ಲಿ ಮೇಡಂ ಅವರಿಗೆ ರಾಯಚೂರಿನ ಕಡೆಗೆ ವರ್ಗವಾಯಿತು. ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಅವರನ್ನು ಬೀಳ್ಕೊಟ್ಟೆ. ಅಲ್ಲಿ ಬೆಟ್ಟಗಳಿವೆಯೇ ಎಂದು ಕೇಳಿದೆ. “ಇರ್ತಾವೆ, ಹುಡುಕಿದ್ರೆ” ಎಂದರು. ಮುಂದಿನ ವರ್ಷ ಮಕ್ಕಳನ್ನು ನಾನೊಬ್ಬಳೇ ಹೇಗೆ ಕರೆದೊಯ್ಯಲಿ ಎಂದೆ. ಅವರು ಸೀಟಿಯನ್ನು ಸೆರಗಿನೊಳಗೆ ಸೇರಿಸಿ ಬಸ್ಸಿನ ಮೆಟ್ಟಿಲು ಹತ್ತಿದರು. ನಗುತ್ತ ತಿರುಗಿ ನೋಡಿದರು. ಏನು ಹೇಳುತ್ತಾರೆಂಬುದು ನನಗೆ ಗೊತ್ತಿತ್ತು. ಅವರು ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಮತ್ತೆ ಅವರನ್ನು ನೋಡುವ ಯೋಗ ನನಗೆ ಒದಗಲಿಲ್ಲ.

ಮರುವರ್ಷ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಕಲಾವತಿಯ ಅಪ್ಪ ಶಾಲೆಯ ಬಾಗಿಲಲ್ಲಿ ನಿಂತಿದ್ದ. “ಅಕ್ಕೋರೆ, ಈ ವರ್ಷದ ಬಿಡಾರ ಯಾವಾಗ್ರಿ? ಎರಡನೇದು ಹಠ ಹಿಡಿದೈತಿ. ಹೆಸರು ಬರ್ಕೊಳ್ರಿ” ಎಂದ.

ನನಗೆ ಗಾಬರಿಯಾಗಬೇಕಿತ್ತು. ಆದರೆ ಅದಕ್ಕೆ ಹೊತ್ತಿರಲಿಲ್ಲ. “ಜನವರಿಯಾಗ್ರಿ” ಎಂದೆ.

ಆ ಶನಿವಾರ ಶಿರಾಳಕೊಪ್ಪಕ್ಕೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ತೋರಿಸಲು ಕೇಳಿದೆ.

“ಯಾರಿಗ್ರೀ, ತಮ್ಮನಿಗಾ?” ಎಂದರು ಅಂಗಡಿಯವರು.

“ನನಗೇ ರೀ” ಎಂದು ಸೀರೆಯ ನೆರಿಗೆಯನ್ನು ತುಸು ಮೇಲಕ್ಕೆತ್ತಿ, ಕಾಲು ಮುಂದಕ್ಕೆ ಚಾಚಿದೆ.