ತೂತುಗಲ್ಲಿನ ಹತ್ತಿರ ಮಾತಾಡಬಾರದು

ವಿಲ್ಮಟ್ ನಾನ್‌ಕೆರ್ವಿಸ್ ಹದಿಮೂರನೆಯ ವಯಸ್ಸಿನಿಂದ ಗಣಿಯ ಅಂಗಳದಲ್ಲಿ ಅದಿರು ಒಡೆದವಳು. ಗಂಡಸರು ನೆಲದೊಳಗಿಂದ ಮೇಲೆ ಕಳಿಸಿದ ತವರದ ಅದಿರನ್ನು ಹೆಂಗಸರು ಸಾಲಾಗಿ ನಿಂತು ಸುತ್ತಿಗೆಯಿಂದ ಜಜ್ಜಬೇಕು. ಮೂವತ್ತನಾಲ್ಕರ ಹೊತ್ತಿಗೆ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಯಾವ ಕಲ್ಲು ಎಲ್ಲಿ ಸೀಳುತ್ತದೆ ಎಂಬುದು ಆ ಕೈಗೆ ನೋಡದೆಯೇ ಗೊತ್ತಾಗುತ್ತಿತ್ತು. ಗೊತ್ತಾಗದೆ ಉಳಿದದ್ದು ತನ್ನ ಮಗಳ ಕಾಲಿನ ಮೂಳೆ ಯಾಕೆ ಮೇಣದ ಹಾಗೆ ಬಾಗುತ್ತದೆ ಎಂಬುದು.

ಮೇ ತಿಂಗಳಿಗೆ ಮಗಳು ಕೆಜಿಯಾಗೆ ಮೂರು ತುಂಬುತ್ತಿತ್ತು. ಇನ್ನೂ ಒಂದು ದಿನವೂ ನಿಂತಿರಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲು ಎರಡೂ ಹೊರಕ್ಕೆ ಬಿಲ್ಲಿನಂತಾಗಿ ಮಗು ನೋವಿನಿಂದ ಕೂಗುತ್ತಿತ್ತು. ಅವಳಿಗಿಂತ ಮೊದಲು ಹುಟ್ಟಿದ ಗಂಡುಮಗುವಿನದೂ ಇದೇ ಕಥೆ. ಮೊದಲು ಕಾಲು ಬಾಗಿತು, ಆಮೇಲೆ ಎದೆಗೂಡು ಹಕ್ಕಿಯ ಎದೆಯಂತೆ ಮುಂದೆ ಬಂತು, ನಾಲ್ಕನೆಯ ಚಳಿಗಾಲದಲ್ಲಿ ಕೆಮ್ಮು ಹಿಡಿದು ಎಂಟು ದಿನದಲ್ಲಿ ಹೋಗಿಬಿಟ್ಟಿತು. ಈಗ ಕೆಜಿಯಾಳ ಎದೆಯೂ ಮುಂದೆ ಬರತೊಡಗಿತ್ತು. ಬರುವ ಚಳಿಗಾಲ ಅವಳ ನಾಲ್ಕನೆಯದು. ವಿಲ್ಮಟ್ ದಿನಾ ಬೆಳಿಗ್ಗೆ ಎದ್ದವಳು ಇದನ್ನೇ ಲೆಕ್ಕ ಹಾಕುತ್ತಿದ್ದಳು.

"ಅದು ನಿನ್ನ ಮಗು ಅಲ್ಲ ಕಣೇ," ಎಂದಳು ಪಕ್ಕದಲ್ಲಿ ಅದಿರು ಒಡೆಯುತ್ತಿದ್ದವಳು. "ನಿನ್ನದನ್ನ ಗುಡ್ಡದ ಮಾಯದ ಕುಳ್ಳರು ಎತ್ಕೊಂಡು ಹೋಗಿ ತಮ್ಮದೊಂದನ್ನ ಮಲಗಿಸಿದಾರೆ."

"ಅವರದಾಗಿದ್ರೆ ನಿನ್ನಷ್ಟು ತಿಂತಿತ್ತು," ಎಂದಳು ವಿಲ್ಮಟ್. ಸಾಲಿನವರೆಲ್ಲ ನಕ್ಕರು. ಅವಳು ನಗಲಿಲ್ಲ.

ಅಂದು ಸಂಜೆಯೇ ಅವಳು ಪಕ್ಕದ ಊರು ಮೋರ್ವಾದ ಲವ್‌ಡೇ ಅಜ್ಜಿಯ ಹತ್ತಿರ ಹೋದಳು. ಆ ಕಡೆಯ ಕಲ್ಲುಗಳ ವಿಷಯವೆಲ್ಲ ತಿಳಿದವಳು ಅಜ್ಜಿ. ಬಯಲಿನ ನಡುವೆ ನಿಂತ ತೂತುಗಲ್ಲು ಎಂದರೆ ಬಂಡಿಚಕ್ರದಷ್ಟು ದೊಡ್ಡ, ನಡುವೆ ದುಂಡಗೆ ಕಂಡಿ ಕೊರೆದ ಕಲ್ಲು. ಅದನ್ನು ಯಾರು ನಿಲ್ಲಿಸಿದರೋ ಯಾರಿಗೂ ಗೊತ್ತಿಲ್ಲ. ಸೊಂಟ ಹಿಡಿದ ಗಂಡಸರು ಅದರೊಳಗೆ ನುಸುಳುತ್ತಾರೆ, ಮೂಳೆ ಬಾಗಿದ ಮಕ್ಕಳನ್ನು ಅದರೊಳಗಿಂದ ದಾಟಿಸುತ್ತಾರೆ.

"ಮೇ ತಿಂಗಳ ಮೊದಲ ಬುಧವಾರ," ಎಂದಳು ಅಜ್ಜಿ. "ಮಗು ಮೈಮೇಲೆ ಒಂದು ಎಳೆ ದಾರಾನೂ ಇರಬಾರದು. ಒಂಬತ್ತು ಸಲ ಕಂಡಿ ದಾಟಿಸಬೇಕು, ಸೂರ್ಯ ಹೋಗೋ ದಿಕ್ಕಿಗೆ ವಿರುದ್ಧ. ಹೆಣ್ಣುಮಗು ಅಲ್ವಾ, ಗಂಡಸು ಕೊಡಬೇಕು, ಹೆಂಗಸು ಇಸ್ಕೊಬೇಕು. ಅಪ್ಪನ ರಕ್ತದವನೇ ಆಗಬೇಕು. ಆಮೇಲೆ ಮಗೂನ ಕಲ್ಲಿನ ಬುಡದಲ್ಲಿ ಹುಲ್ಲಿನ ಮೇಲೆ ಮಲಗಿಸಬೇಕು. ನಿದ್ದೆ ಬಂತು ಅಂದ್ರೆ ಕಲ್ಲು ಒಪ್ಪಿಕೊಂಡ ಹಾಗೆ."

"ಅಷ್ಟೇನಾ ಅಜ್ಜಿ?"

"ಅಷ್ಟೇ ಅಂದ್ರೇನೇ? ಕಷ್ಟದ್ದು ಇನ್ನು ಹೇಳ್ತೀನಿ. ಕಲ್ಲು ಕಣ್ಣಿಗೆ ಬಿದ್ದಾಗಿಂದ ಮಗು ನಿದ್ದೆ ಹೋಗೋವರೆಗೂ ಯಾರೂ ಒಂದೇ ಒಂದು ಮಾತಾಡೋ ಹಾಗಿಲ್ಲ. ಆಡಿದ್ರೋ, ಆ ವರ್ಷ ಹೋಯ್ತು, ಮತ್ತೆ ಮುಂದಿನ ಮೇ ತಿಂಗಳಿಗೇ."

ವಿಲ್ಮಟ್‌ಳ ಹತ್ತಿರ ವರ್ಷವೇ ಇರಲಿಲ್ಲ. ಗಂಡ ಯುರಾಯಾ ಗಣಿಯ ಏಣಿಯಿಂದ ಬಿದ್ದು ಸತ್ತು ಎರಡು ವರ್ಷವಾಗಿತ್ತು. ಅವನ ರಕ್ತದವನೆಂದು ಉಳಿದಿದ್ದವನು ಮಾವ ಜೇಬೆಜ್ ಒಬ್ಬನೇ. ಜೇಬೆಜ್ ಮಾವ ಊರ ಪ್ರಾರ್ಥನಾ ಮಂದಿರದ ಉಪದೇಶಿ. ಗಣಿಯ ಧೂಳು ತಿಂದು ಎದೆ ಕೆಟ್ಟಿದ್ದರೂ ಗಂಟೆಗಟ್ಟಲೆ ಮಾತಾಡಬಲ್ಲವನು. ತೂತುಗಲ್ಲನ್ನು ಸೈತಾನನ ಉಂಗುರ ಎಂದು ನಲವತ್ತು ವರ್ಷದಿಂದ ಬೈಯುತ್ತ ಬಂದವನು.

"ನಾನಾ? ಆ ಕಲ್ಲಿನ ಮುಂದೆ ಮೊಣಕಾಲೂರೋಕಾ?" ಎಂದ ಅವನು. "ಮುಂದಿನ ಭಾನುವಾರ ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಬೆಳಗಿನ ಜಾವ ಅಲ್ಲಿ ಯಾರೂ ಇರಲ್ಲ ಮಾವ."

"ದೇವರು ಇರ್ತಾನೆ."

"ಇರಲಿ. ಅವನಿಗೆ ತೋರಿಸೋಕೇ ಎತ್ಕೊಂಡು ಹೋಗ್ತಿರೋದು."

ಮುದುಕ ಆಲೂಗಡ್ಡೆಯ ಸಿಪ್ಪೆ ತೆಗೆಯತೊಡಗಿದ. ವಿಲ್ಮಟ್ ಅವನೆದುರು ನೆಲದ ಮೇಲೆ ಕುಳಿತಳು.

"ದೇವರ ದಿನ ಭಾನುವಾರ ಕುಣಿದ ಹುಡುಗೀರು ಕಲ್ಲಾಗಿ ಬಯಲಲ್ಲಿ ನಿಂತಿದಾರೆ ಅಂತ ವರ್ಷಾ ವರ್ಷಾ ಹೇಳ್ತೀರಲ್ಲ, ಅದು ನಿಜಾನಾ ಮಾವ?"

"ನಿಜವೇ. ಎಲ್ಲರ ಕಣ್ಣೆದುರಿಗೇ ನಿಂತಿದಾವಲ್ಲ."

"ಸಿಟ್ಟು ಬಂದಾಗ ಅಷ್ಟು ಕಲ್ಲಲ್ಲಿ ಸಿಟ್ಟು ಇಟ್ಟ ದೇವರು, ಒಂದೇ ಒಂದು ಕಲ್ಲಲ್ಲಿ ಕರುಣೆ ಇಟ್ಟಿರಬಾರದಾ? ಎಲ್ಲಾ ಕಲ್ಲೂ ಅವನದೇ ಅಲ್ವಾ?"

ಜೇಬೆಜ್‌ನಿಗೆ ಕೆಮ್ಮು ಬಂತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ, "ನೀನು ಗಂಡಸಾಗಿದ್ರೆ ಉಪದೇಶಕ್ಕೆ ನಿಲ್ಲಿಸಿಬಿಡ್ತಿದ್ದೆ," ಎಂದ. ಸಿಪ್ಪೆ ತೆಗೆದ ಆಲೂಗಡ್ಡೆಯನ್ನು ನೀರಿಗೆ ಹಾಕಿ, "ಬಾಯಿ ಮುಚ್ಕೊಂಡಿರೋದು ನನ್ನ ಕೈಲಿ ಆಗತ್ತಾ ಅಂತ ನೀನು ಕೇಳಲೇ ಇಲ್ಲ," ಎಂದ.

"ಅದೇ ನನಗೂ ಭಯ," ಎಂದಳು ವಿಲ್ಮಟ್.

ಬುಧವಾರ ನಸುಕಿನಲ್ಲಿ ಇಬ್ಬರೂ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟರು. ದಾರಿಯ ಎರಡೂ ಕಡೆ ಮುಳ್ಳುಪೊದೆಗಳು ಹಳದಿ ಹೂ ಬಿಟ್ಟಿದ್ದವು. ಕೊನೆಯ ದಿಬ್ಬದ ಕೆಳಗೆ ಜೇಬೆಜ್ ನಿಂತುಬಿಟ್ಟ.

"ಇಲ್ಲಿಂದ ಕಲ್ಲು ಕಾಣಲ್ಲ ತಾನೆ?"

"ಇಲ್ಲ ಮಾವ."

"ಹಾಗಾದ್ರೆ ಹೇಳೋದನ್ನೆಲ್ಲ ಇಲ್ಲೇ ಹೇಳಿ ಮುಗಿಸ್ತೀನಿ," ಎಂದವನೇ ಟೋಪಿ ತೆಗೆದು ಪ್ರಾರ್ಥನೆ ಶುರುಮಾಡಿದ. ಸತ್ತ ಮಗನ ಹೆಸರು ಬಂತು, ಸತ್ತ ಮೊಮ್ಮಗನ ಹೆಸರು ಬಂತು, ತಪ್ಪಾಗಿದ್ದರೆ ಶಿಕ್ಷೆ ನನಗೊಬ್ಬನಿಗೇ ಇರಲಿ ಎಂಬ ಮಾತೂ ಬಂತು. ಆಮೆನ್ ಎಂದು ಟೋಪಿ ಹಾಕಿಕೊಂಡು ಬಾಯಿ ಮುಚ್ಚಿದ.

ಕಲ್ಲಿನ ಹತ್ತಿರ ಹುಲ್ಲೆಲ್ಲ ಒದ್ದೆ. ವಿಲ್ಮಟ್ ಮಗುವಿನ ಬಟ್ಟೆ ಬಿಚ್ಚಿದಳು. ಜೇಬೆಜ್ ಒಂದು ಬದಿಯಲ್ಲಿ ಮೊಣಕಾಲೂರಿ ಕಂಡಿಯೊಳಗಿಂದ ಮಗುವನ್ನು ಕೊಟ್ಟ, ಅವಳು ಇನ್ನೊಂದು ಬದಿಯಲ್ಲಿ ಇಸಿದುಕೊಂಡಳು, ಸೂರ್ಯನಿಗೆ ವಿರುದ್ಧವಾಗಿ ಸುತ್ತಿ ಬಂದು ಮತ್ತೆ ಅವನ ಕೈಗೆ ಕೊಟ್ಟಳು. ತಣ್ಣನೆಯ ಕಲ್ಲು ತಾಗಿದಾಗೆಲ್ಲ ಕೆಜಿಯಾ ಚೀರುತ್ತಿದ್ದಳು. ಸುಮ್ಮನಿರು ಚಿನ್ನ ಎನ್ನುವ ಹಾಗೂ ಇರಲಿಲ್ಲ. ನಾಲ್ಕನೆಯ ಸಲ ಮುದುಕನಿಗೆ ಕೆಮ್ಮು ಒತ್ತಿಬಂತು, ಅದನ್ನು ತಡೆಯಲು ಟೋಪಿಯನ್ನು ಬಾಯಿಗೆ ತುರುಕಿಕೊಂಡ. ಮುಖ ನೀಲಿಯಾಯಿತು. ವಿಲ್ಮಟ್ ಎಣಿಸುತ್ತಿದ್ದಳು. ಏಳು. ಎಂಟು.

ಆಗ ಬಯಲಿನ ಕಡೆಯಿಂದ ಒಬ್ಬ ಪರಸ್ಥಳದವನು ಬಂದ. ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಅಳತೆಪಟ್ಟಿ, ಕಂಕುಳಲ್ಲಿ ಪುಸ್ತಕ. ಕಲ್ಲುಗಳನ್ನು ಅಳೆದು ಬರೆದುಕೊಳ್ಳಲು ಬೇಸಿಗೆಯಲ್ಲಿ ಇಂಥವರು ಬರುತ್ತಲೇ ಇರುತ್ತಾರೆ.

"ನಮಸ್ಕಾರ. ನೀವು ಈ ಕಡೆಯವರೇ ಇರಬೇಕು," ಎಂದ ಅವನು. "ಈ ಕಲ್ಲಿನ ಬಗ್ಗೆ ನಿಮ್ಮ ಹಿರಿಯರು ಏನಾದರೂ ಕಥೆ ಹೇಳುತ್ತಿದ್ದರೇ?"

ಇಬ್ಬರೂ ಅವನನ್ನು ನೋಡಿದರು. ನಲವತ್ತು ವರ್ಷ ಆ ಕಲ್ಲಿನ ಬಗ್ಗೆ ಬಾಯಿತುಂಬ ಮಾತಾಡಿದ್ದ ಜೇಬೆಜ್ ಟೋಪಿಯನ್ನು ಇನ್ನಷ್ಟು ಕಚ್ಚಿದ.

"ಏನೂ ಇಲ್ಲವೇ? ಹೆಸರಾದರೂ?"

ಅವನು ನಿಟ್ಟುಸಿರು ಬಿಟ್ಟು ಪುಸ್ತಕದಲ್ಲಿ ಏನೋ ಗೀಚಿಕೊಂಡ. ಆಮೇಲೆ ಅವನ ಕಣ್ಣು ಮಗುವಿನ ಕಾಲಿನ ಮೇಲೆ ಬಿತ್ತು. ಪುಸ್ತಕ ಮಡಚಿ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಕೆಜಿಯಾಳ ಮುಂಗೈ ಗಂಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ, ಪಕ್ಕೆಲುಬಿನ ಮೇಲೆ ಹೆಬ್ಬೆರಳು ಓಡಿಸಿದ.

"ನಾನು ವೈದ್ಯ. ಪಟ್ಟಣದ ಆಸ್ಪತ್ರೆಯಲ್ಲಿ ಇಂಥ ಕಾಲುಗಳನ್ನು ನೋಡಿದ್ದೇನೆ," ಎಂದ. ದನಿ ಮೊದಲಿನಂತಿರಲಿಲ್ಲ. "ಅಲ್ಲಿ ಇದಕ್ಕೆ ಒಂದು ಎಣ್ಣೆ ಕೊಡುತ್ತಾರೆ. ಮಗುವಿಗೆ ಎಷ್ಟು ವರ್ಷ? ಏನು ತಿನ್ನಿಸುತ್ತೀರಿ?"

ವಿಲ್ಮಟ್‌ಳ ಗಂಟಲಿನವರೆಗೆ ಮಾತು ಬಂತು. ಯಾವ ಎಣ್ಣೆ? ಎಲ್ಲಿ ಸಿಗುತ್ತದೆ? ಇನ್ನು ಒಂದೇ ಸಲ ಬಾಕಿ, ಒಂಬತ್ತನೆಯದು. ಈಗ ಬಾಯಿ ಬಿಟ್ಟರೆ ಎಂಟೂ ಮಣ್ಣುಪಾಲು. ಬಿಡದಿದ್ದರೆ ಈ ಮನುಷ್ಯ ಎದ್ದು ಹೋಗುತ್ತಾನೆ. ಅವಳು ಮಾವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರು ತುಂಬಿತ್ತು. ಕೆಮ್ಮಿಗೋ ಏನಕ್ಕೋ ಅವಳಿಗೆ ತಿಳಿಯಲಿಲ್ಲ.

"ಪಾಪ, ಇಬ್ಬರೂ ಮೂಗರು," ಎಂದುಕೊಂಡು ವೈದ್ಯ ಎದ್ದ. ಚೀಲ ಸರಿಮಾಡಿಕೊಂಡು ದಿಬ್ಬದ ಕಡೆಗೆ ನಡೆದ.

ಒಂಬತ್ತನೆಯ ಸಲ ಮುಗಿಯಿತು. ವಿಲ್ಮಟ್ ಮಗುವಿಗೆ ಬಟ್ಟೆ ತೊಡಿಸಿ, ಶಾಲು ಸುತ್ತಿ ಕಲ್ಲಿನ ಬುಡದಲ್ಲಿ ಮಲಗಿಸಿದಳು. ಕೆಜಿಯಾ ನಿದ್ದೆ ಹೋಗಲಿಲ್ಲ. ಅಳುವುದನ್ನೂ ನಿಲ್ಲಿಸಿ, ಕಣ್ಣು ಅರಳಿಸಿಕೊಂಡು ಆಕಾಶ ನೋಡುತ್ತಿದ್ದಳು. ಅತ್ತ ವೈದ್ಯ ದಿಬ್ಬ ಏರಿ ಆ ಬದಿಗೆ ಇಳಿಯುತ್ತಿದ್ದ. ಮೊದಲು ಕಾಲು ಮರೆಯಾಯಿತು, ಆಮೇಲೆ ಚೀಲ, ಆಮೇಲೆ ತಲೆ. ಮಲಗು ನನ್ನಮ್ಮಾ, ಮಲಗು, ಎಂದು ವಿಲ್ಮಟ್ ಮನಸ್ಸಿನೊಳಗೇ ಬೇಡಿಕೊಂಡಳು. ಮಗು ಅವಳನ್ನು ನೋಡಿ ನಕ್ಕಿತು.

ಅವಳು ಮಗುವನ್ನು ಎತ್ತಿ ಮಾವನ ಮಡಿಲಿಗೆ ಹಾಕಿ ಓಡಿದಳು. ಮಾತಾಡುವುದಿಲ್ಲ, ತೋಳು ಹಿಡಿದು ನಿಲ್ಲಿಸುತ್ತೇನೆ ಅಷ್ಟೇ, ಎಂದುಕೊಂಡೇ ಓಡಿದಳು. ಮುಳ್ಳಿಗೆ ಸಿಕ್ಕಿ ಲಂಗ ಹರಿಯಿತು. ದಿಬ್ಬದ ಆಚೆ ಅವನ ತೋಳು ಸಿಕ್ಕಿತು. ಅವನು ಗಾಬರಿಯಿಂದ ತಿರುಗಿದ. ಅವಳು ಬಾಯಿಯತ್ತ ಸನ್ನೆ ಮಾಡಿದಳು, ತನ್ನ ಕಾಲು ತೋರಿಸಿದಳು, ಎಣ್ಣೆ ಹೊಯ್ಯುವ ಹಾಗೆ ಕೈ ಬಗ್ಗಿಸಿದಳು. ಅವನಿಗೆ ಅರ್ಥವಾಗಲಿಲ್ಲ.

"ಯಾವ ಎಣ್ಣೆ?" ಎಂದಳು ವಿಲ್ಮಟ್.

ಮಾತು ಹೊರಬಿದ್ದ ಕೂಡಲೇ ನೆಲಕ್ಕೆ ಕೂತಳು. ಇನ್ನು ಮುಚ್ಚಿಟ್ಟುಕೊಳ್ಳುವುದೇನು? ಎಲ್ಲ ಕೇಳಿದಳು. ಕಾಡ್ ಎಂಬ ಕಡಲ ಮೀನಿನ ಪಿತ್ತಜನಕಾಂಗದ ಎಣ್ಣೆ, ದಿನಕ್ಕೆ ಮೂರು ಚಮಚ. ಔಷಧದಂಗಡಿಯದು ಕೈಗೆ ಎಟುಕದಿದ್ದರೆ ಬೆಸ್ತರ ಹತ್ತಿರ ಆ ಪಿತ್ತಜನಕಾಂಗವನ್ನೇ ಬೇಡಿ ತಂದು ಕರಗಿಸಬಹುದು. ಮಗುವನ್ನು ಬಿಸಿಲಿಗೆ ಬಿಡಬೇಕು.

"ನಿಲ್ತಾಳಾ ಸ್ವಾಮಿ?"

"ತಡವಾಗಿದೆಯಮ್ಮ," ಎಂದ ಅವನು. "ಮಾತು ಕೊಡಲಾರೆ. ಚಳಿಗಾಲದ ಒಳಗೆ ಎಷ್ಟು ಕುಡಿಸುತ್ತೀಯೋ ಅಷ್ಟು."

ಅವಳು ನಿಧಾನವಾಗಿ ಹಿಂತಿರುಗಿದಳು. ಜೇಬೆಜ್ ಕಲ್ಲಿಗೆ ಒರಗಿ ಕೂತಿದ್ದ, ಬಾಯಲ್ಲಿ ಇನ್ನೂ ಟೋಪಿ. ಕೆಜಿಯಾ ಅವನ ಎದೆಯ ಮೇಲೆ ಕವುಚಿ ಮಲಗಿ ನಿದ್ದೆ ಹೋಗಿದ್ದಳು. ಹುಲ್ಲಿನ ಮೇಲಲ್ಲ, ಅವನ ಮೇಲೆ. ಬಾಗಿದ ಕಾಲು ಎರಡೂ ಅವನ ಹೊಟ್ಟೆಯನ್ನು ತಬ್ಬಿದ್ದವು. ಎತ್ತಿ ಹುಲ್ಲಿಗೆ ಹಾಕಿದರೆ ಎಚ್ಚರವಾಗುತ್ತದೆ. ವಿಲ್ಮಟ್ ಎತ್ತಲಿಲ್ಲ, ಪಕ್ಕದಲ್ಲಿ ಕೂತಳು.

ಮುದುಕ ಟೋಪಿ ತೆಗೆದು ಮಗು ಏಳದಂತೆ ಮೆಲ್ಲಗೆ ಕೆಮ್ಮಿದ.

"ಮಲಗಿದಾಳೆ. ಇನ್ನು ಮಾತಾಡಬಹುದು ತಾನೆ?"

"ಆಡಿ ಮಾವ."

"ಏನಂದ ಅವನು?"

ಅವಳು ಎಲ್ಲ ಹೇಳಿದಳು. ಅವನು ತಲೆ ಬಗ್ಗಿಸಿ ಕೇಳಿದ. ಕೊನೆಗೆ, "ಅವನಾಗಿ ಹೇಳಿದ್ನಾ, ನೀನು ಕೇಳಿದ್ಯಾ?" ಎಂದ.

"ಕೇಳಿದೆ."

ಜೇಬೆಜ್ ದಿಬ್ಬದ ಕಡೆಗೆ ನೋಡಿದ.

"ಅಲ್ಲಿಂದ ಕಲ್ಲು ಕಾಣ್ತಿತ್ತಾ?"

"ನಾನು ಹಿಂದೆ ತಿರುಗಿ ನೋಡಲಿಲ್ಲ ಮಾವ."

"ಹಾಗಾದ್ರೆ ಕಾಣ್ತಿರಲಿಲ್ಲ," ಎಂದ ಮುದುಕ. "ದಿಬ್ಬದ ಆ ಕಡೆ ನಾನೂ ಮಾತಾಡಿದ್ದೆ. ಕಾಣ್ತಿರಲಿಲ್ಲ ಬಿಡು."

ವಿಲ್ಮಟ್ ನಂಬಿದಳೋ ಇಲ್ಲವೋ, ತಲೆಯಾಡಿಸಿದಳು. ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಮನೆಯ ದಾರಿ ಎಡಕ್ಕಿತ್ತು. ಅವಳು ಬಲಕ್ಕೆ, ಸಮುದ್ರದ ಕಡೆಗೆ ತಿರುಗಿದಳು.

"ಎಲ್ಲಿಗೆ?"

"ನ್ಯೂಲಿನ್ ಬಂದರಿಗೆ ಮಾವ. ದೋಣಿಗಳು ಬರೋ ಹೊತ್ತಾಯ್ತು. ಮೀನು ಕೊಯ್ಯೋವಾಗ ಎಣ್ಣೆ ಬರೋ ಆ ಭಾಗಾನ ಹೊರಗೆ ಎಸೆದುಬಿಡ್ತಾರೆ."

ಜೇಬೆಜ್ ಕಲ್ಲಿನ ಕಂಡಿಗೆ ಕೈ ಊರಿ ಎದ್ದ. ಮೊಣಕಾಲಿನ ಒದ್ದೆ ಮಣ್ಣನ್ನು ಒರೆಸಿಕೊಳ್ಳದೆ ಅವಳ ಹಿಂದೆಯೇ ಇಳಿಯತೊಡಗಿದ.