ತೆಂಗಿನೆಣ್ಣೆ ಕುಡಿದ ಟ್ಯಾಂಕು

ಆಗೆಲ್ಲ ಜನವರಿ ಬಂತೆಂದರೆ ಭಾಂಡುಪಿನ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತಿತ್ತು. ಅಮ್ಮ ಬೆಳಿಗ್ಗೆ ಬಾಟಲಿಯನ್ನು ಒಲೆಯ ಪಕ್ಕದಲ್ಲಿಟ್ಟು, ಅದು ಕರಗಿದ ಮೇಲೆಯೇ ನಮ್ಮಿಬ್ಬರ ಜಡೆಗೆ ಕೈ ಹಾಕುತ್ತಿದ್ದಳು. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು. ಮುಂಬಯಿಯಲ್ಲಿ ಚಳಿ ಎಲ್ಲಿಯದು ಎಂದು ಊರಿನವರು ನಕ್ಕರೆ ನಾನು ಆ ಬಾಟಲಿಯ ಕತೆಯನ್ನೇ ಹೇಳುತ್ತಿದ್ದೆ. ಅಂಥದೊಂದು ಜನವರಿಯಲ್ಲಿ ಅಕ್ಕನ ಮುಂದಿನ ಓದೆಲ್ಲ ಒಂದು ಆಟಿಕೆ ಟ್ಯಾಂಕಿನ ಮೇಲೆ ನಿಂತಿತ್ತು.

ಆಟಿಕೆ ಎಂದರೆ ಅಕ್ಕನಿಗೆ ಈಗಲೂ ಸಿಟ್ಟು. "ಮಾಡೆಲ್ ಅಂತ ಹೇಳು" ಎನ್ನುತ್ತಾಳೆ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಯಾವುದೋ ಬಂದರಿನಿಂದ ತಂದುಕೊಟ್ಟ ರಿಮೋಟಿನ ಟ್ಯಾಂಕು ಅದು. ನಮ್ಮ ಕೈಗೆ ಬರುವಾಗ ಅದರೊಳಗಿನ ಪ್ಲಾಸ್ಟಿಕ್ ಗೇರುಗಳು ಸವೆದು ಸತ್ತಿದ್ದವು. ಹತ್ತನೇ ಕ್ಲಾಸಿನಲ್ಲಿದ್ದ ಅಕ್ಕ ಅದನ್ನು ಬಿಚ್ಚಿ, ಲೋಹದ ಗೇರು ಹಾಕಿ, ತಂತಿಗಳನ್ನು ಹೊಸದಾಗಿ ಬೆಸೆದು ಬದುಕಿಸಿದಳು. ಅವಳ ಆಸ್ತಿಯೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು: ಸಣ್ಣ ಸ್ಕ್ರೂಡ್ರೈವರುಗಳು, ಚೂಪು ಮೂತಿಯ ಇಕ್ಕಳ, ಬೆರಳಲ್ಲೇ ತಿರುಗಿಸುವ ಪುಟ್ಟ ಡ್ರಿಲ್ಲು, ಬೆಸುಗೆಯ ಐರನ್. ಅಮ್ಮನ ಹುಬ್ಬಿನ ಚಿಮಟವೂ ಒಮ್ಮೆ ಅಲ್ಲಿಗೆ ಹೋದದ್ದು ಮರಳಲಿಲ್ಲ. ಬೆಸುಗೆಯ ಹೊಗೆ, ನೀರುದೋಸೆಯ ಆವಿ ಎರಡೂ ನಮ್ಮ ಒಂದೇ ಕೋಣೆಯಲ್ಲಿ ಬೆರೆಯುತ್ತಿದ್ದವು. ನನ್ನ ಮೂಗಿಗೆ ಭಾನುವಾರವೆಂದರೆ ಈಗಲೂ ಅದೇ.

ಆ ಡಬ್ಬಿಯನ್ನು ಮುಟ್ಟುವ ಹಕ್ಕು ಮಾತ್ರ ನನಗಿರಲಿಲ್ಲ.

"ಸ್ಕ್ರೂವಿನ ತಲೆಗೆ ಸರಿ ಕೂರುವ ಡ್ರೈವರೇ ಬೇಕು," ಎನ್ನುತ್ತಿದ್ದಳು ಅಕ್ಕ. "ಹೇಗೂ ನಡೀತದೆ ಅಂತ ಬೇರೆದ್ರಲ್ಲಿ ತಿರುಗಿಸಿದ್ರೆ ತಲೆ ಸವೆದು ಹೋಗ್ತದೆ. ಆಮೇಲೆ ದೇವರು ಬಂದ್ರೂ ಬಿಚ್ಲಿಕ್ಕಾಗುದಿಲ್ಲ."

ಅಪ್ಪ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ದೋಸೆಕಲ್ಲಿನ ಮುಂದೆ ಬೆವರು ಸುರಿಸಿ ಗಲ್ಲಾಪೆಟ್ಟಿಗೆಯ ಕುರ್ಚಿಗೆ ಬಂದವರು. ಮಕ್ಕಳ ಕೈ ಬೆಂಕಿ, ಮಸಿ ಮುಟ್ಟಬಾರದು ಎಂಬುದು ಅವರ ಹಟ. ಅಕ್ಕ ಮೆಕ್ಯಾನಿಕಲ್ ಡಿಪ್ಲೊಮಾ ಎಂದು ಬಾಯಿ ತೆಗೆದದ್ದೇ ತಡ, ಊಟದ ತಟ್ಟೆ ಪಕ್ಕಕ್ಕೆ ಸರಿಯಿತು.

"ಕೈ ಕಪ್ಪು ಮಾಡ್ಕೊಂಡು ಎಂತ ಮಾಡ್ಲಿಕ್ಕುಂಟು ನಿನಗೆ? ಕಾಮರ್ಸ್ ಮಾಡು. ಬ್ಯಾಂಕಲ್ಲಿ ಫ್ಯಾನಿನ ಅಡಿಯಲ್ಲಿ ಕೂತ್ಕೊ."

"ಬಾಂದ್ರಾದಲ್ಲಿ ಮಾಡೆಲ್ ಮಾಡುವವರು ಸೇರ್ತಾರೆ, ಬರುವ ಭಾನುವಾರ. ಅಲ್ಲಿ ಒಂದು ಏರು ಕಟ್ತಾರಂತೆ. ನನ್ನ ಟ್ಯಾಂಕ್ ಅದನ್ನು ಹತ್ತಿದ್ರೆ ಡಿಪ್ಲೊಮಾ."

"ಹತ್ತದಿದ್ರೆ?"

"ನೀವು ಹೇಳಿದ್ದು."

"ಆಯ್ತು. ಆಮೇಲೆ ಅಳ್ಲಿಕ್ಕಿಲ್ಲ."

ಅಮ್ಮ ಹಣೆ ಚಚ್ಚಿಕೊಂಡಳು. "ಅಪ್ಪನೂ ಮಗಳೂ ಒಂದೇ ಅಚ್ಚು. ನನ್ನ ಕರ್ಮ!"

ಶನಿವಾರ ಬೆಳಿಗ್ಗೆ ಓಡಿಸಿ ನೋಡಿದಾಗ ಹೊಸ ಗೇರುಗಳು ಕಿರ್ರೆಂದು ಕಿರುಚಿದವು. ಅಕ್ಕ ಮುಖ ಸಣ್ಣದು ಮಾಡಿಕೊಂಡೇ ಟ್ಯೂಷನ್ನಿಗೆ ಹೋದಳು. ಸಂಜೆ ಬಂದು ಮತ್ತೆ ಓಡಿಸಿದರೆ ಬೆಣ್ಣೆಯಲ್ಲಿ ಚೂರಿ ಇಳಿದ ಹಾಗೆ, ಸದ್ದೇ ಇಲ್ಲ. "ಗೇರು ಪಳಗಿತು ಮಾರಾಯ್ತಿ!" ಎಂದು ನನ್ನನ್ನು ಎತ್ತಿ ತಿರುಗಿಸಿದಳು. ನಾವು ಅಷ್ಟಕ್ಕೇ ಬೀಗಿದೆವು.

ಭಾನುವಾರ ಬೆಳಿಗ್ಗೆ ಅಪ್ಪ, ಅಕ್ಕ, ನಾನು ಲೋಕಲ್ ಹಿಡಿದು ಹೊರಟೆವು. ಟ್ಯಾಂಕು ಅಕ್ಕನ ಮಡಿಲಲ್ಲಿ, ಡಬ್ಬಿ ನನ್ನ ಮಡಿಲಲ್ಲಿ. ಸೀಟು ಖಾಲಿ ಇದ್ದರೂ ಅಪ್ಪ ಬಾಗಿಲಲ್ಲೇ ನಿಂತಿದ್ದರು. ದಾದರಿನಲ್ಲಿ ಸೇತುವೆ ಹತ್ತಿ ಗಾಡಿ ಬದಲಿಸುವಾಗ ಮಾತ್ರ "ಯಾರೂ ಮೈಮೇಲೆ ಬೀಳದ ಹಾಗೆ ನೋಡ್ಕೊ" ಎಂದರು. ಅಕ್ಕನಿಗೆ ಹೇಳಿದ್ದೋ ಟ್ಯಾಂಕಿಗೋ ತಿಳಿಯಲಿಲ್ಲ.

ಮೈದಾನದ ಹುಲ್ಲು ಇನ್ನೂ ಒದ್ದೆಯಾಗಿತ್ತು. ಇಟ್ಟಿಗೆ, ಹಲಗೆ, ಜಲ್ಲಿಯಿಂದ ಕಟ್ಟಿದ ಏರು ನನ್ನ ಸೊಂಟದೆತ್ತರ. ದೊಡ್ಡ ದೊಡ್ಡ ಹುಡುಗರ ಟ್ಯಾಂಕುಗಳು ಗುರುಗುಟ್ಟುತ್ತ ಹತ್ತಿ ಇಳಿಯುತ್ತಿದ್ದವು. ಅಕ್ಕ ನಮ್ಮದನ್ನು ನೆಲಕ್ಕಿಟ್ಟು ರಿಮೋಟ್ ಒತ್ತಿದಳು. ಮೋಟಾರು ಗುಂಯ್ ಎಂದಿತು. ಚಕ್ರಗಳ ಸುತ್ತಲಿನ ಪಟ್ಟಿ ಅಲುಗಲಿಲ್ಲ. ಮತ್ತೆ ಒತ್ತಿದಳು. ಸುಟ್ಟ ವಾಸನೆ ಬಂತು.

"ಅಯ್ಯೋ, ಮೋಟಾರ್ ಸುಡ್ತದೆ! ಡಬ್ಬಿ ಕೊಡು, ಬೇಗ!"

ಒದ್ದೆ ಹುಲ್ಲಿನ ಮೇಲೆಯೇ ಕೂತು ಬಿಚ್ಚತೊಡಗಿದಳು. ಒಂದು ಸ್ಕ್ರೂ ಹಟ ಹಿಡಿಯಿತು. ಅದರ ತಲೆ ಸವೆದರೆ ಎಲ್ಲ ಮುಗಿಯಿತು ಎಂದು ನನಗೂ ಗೊತ್ತಿತ್ತು. ಅಕ್ಕ ಕಣ್ಣು ಮುಚ್ಚಿ, ಡ್ರೈವರನ್ನು ನೆಟ್ಟಗೆ ಒತ್ತಿ ಹಿಡಿದು ತಿರುಗಿಸಿದಳು. ಟಕ್ಕೆಂದು ಸಡಿಲವಾಯಿತು. ಮೈದಾನ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು ನಮ್ಮ ಸರದಿ ಬಂತೆಂದು ಅವಸರ ಮಾಡಿದರು. "ಬೇಟಾ, ತುಮ್ಹಾರಾ ನಂಬರ್ ಹೈ. ಜಲ್ದಿ ಕರೋ."

ಗೇರ್‌ಬಾಕ್ಸಿನ ಒಳಗೆಲ್ಲ ಬಿಳಿ ಬಿಳಿಯಾಗಿ ಏನೋ ಹೆಪ್ಪುಗಟ್ಟಿತ್ತು.

"ಇಷ್ಟು ಗ್ರೀಸ್ ನಾನು ಹಾಕ್ಲಿಲ್ಲ," ಎಂದಳು ಅಕ್ಕ. ಬೆರಳಿಗೆ ತೆಗೆದು ಮೂಸಿದಳು. ನನ್ನ ಮೂಗಿಗೂ ಬಂತು, ನಮ್ಮದೇ ಜಡೆಯ ವಾಸನೆ. ಅವಳ ಕಣ್ಣಲ್ಲಿ ನೀರು ತುಂಬಿತು.

"ನೀನಾ?"

"ದೇವರಾಣೆ ನಾನಲ್ಲ!" ನಾನು ಅಳುವುದೊಂದೇ ಬಾಕಿ.

ಅಪ್ಪ ಹಿಂದೆಯೇ ನಿಂತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಗೆಲುವು ಅವರದ್ದೇ ಆಗಿತ್ತು. ಕತ್ತಿನ ಮಫ್ಲರ್ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಮುದುಕರು ಇನ್ನೊಂದು ಹೆಸರು ಕೂಗಿದರು. ನಮ್ಮ ಸರದಿ ಹೋಯಿತು.

"ನಾನು ಮಾರಾಯ್ತಿ," ಎಂದರು ಅಪ್ಪ.

ಅಕ್ಕ ತಿರುಗಿ ನೋಡಿದಳು.

"ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಿದ್ದೆ. ಬೆಳಿಗ್ಗೆ ಅದು ಕಿರುಚಿದ್ದು, ನಿನ್ನ ಮುಖ ಬಾಡಿದ್ದು ನೋಡಿದ್ದೆನಲ್ಲ. ಹೋಟೆಲಲ್ಲಿ ಬಾಗಿಲಿಗೆ, ಬೀಗಕ್ಕೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಬಿಡ್ತೇವೆ. ಬಿಸಿಲಿಗೆ ಇಟ್ಟಿದ್ದ ಎಣ್ಣೆ, ನೀರಿನ ಹಾಗಿತ್ತು. ಬಿಟ್ಟುಬಿಟ್ಟೆ." ಬಿಚ್ಚಿದ ಮಫ್ಲರನ್ನು ಹೆಗಲಿಗೆ ಹಾಕಿಕೊಂಡರು. "ಮಾತು ನಿನ್ನದೇ ಆಯ್ತು. ಡಿಪ್ಲೊಮಾ ಮಾಡು. ಹಾಳು ಮಾಡಿದ್ದು ನಾನು."

ನನಗೆ ಕುಣಿಯಬೇಕೆನಿಸಿತು. ಅಕ್ಕನ ಸಿಟ್ಟು ಮಾತ್ರ ಇಳಿಯಲಿಲ್ಲ.

"ಧರ್ಮಕ್ಕೆ ಬೇಡ ನನಗೆ. ಹತ್ತಿಸಿಯೇ ತೋರಿಸ್ತೇನೆ. ಬಿಸಿ ಆಗ್ಬೇಕು ಇದು, ಎಂತ ಮಾಡುದು?"

"ತಾ ಇಲ್ಲಿ." ಅಪ್ಪ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಆ ಗೇರ್‌ಬಾಕ್ಸನ್ನು ಎರಡು ಅಂಗೈಗಳ ನಡುವೆ ಮುಚ್ಚಿ ಹಿಡಿದರು. ದೋಸೆಕಲ್ಲಿನ ಬಿಸಿ ತಿಂದು ದಡ್ಡುಗಟ್ಟಿದ ಕೈಗಳು. ಬಾಯಿಂದ ಹಾ ಹಾ ಎಂದು ಬಿಸಿಯುಸಿರನ್ನೂ ಊದಿದರು. ಸುತ್ತಲಿನ ಹುಡುಗರು ನಕ್ಕರು, ಅವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಿಂದ ಎಣ್ಣೆ ಇಳಿಯತೊಡಗಿತು. ಅಕ್ಕ ಅವರ ಕರ್ಚೀಫಿನಿಂದಲೇ ಒರೆಸಿ, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಿಕ್ಕಿ, ಸರಿಯಾದ ಗ್ರೀಸು ಸವರಿ ಜೋಡಿಸಿದಳು.

ಅಷ್ಟರಲ್ಲಿ ಆಟ ಮುಗಿದು ಹಲಗೆ ಕೀಳುವ ಸಿದ್ಧತೆ ನಡೆದಿತ್ತು. ಅಪ್ಪನೇ ಓಡಿಹೋಗಿ ಮುದುಕರ ಮುಂದೆ ಕೈ ಜೋಡಿಸಿ ಇನ್ನೊಂದು ಅವಕಾಶ ಬೇಡಿದರು. "ಏಕ್ ಬಾರ್ ಸೇಟ್, ಮೇರಿ ಲಡ್ಕೀ ಕಾ ಬಾಕಿ ಹೈ."

ಟ್ಯಾಂಕು ಹೊರಟಿತು. ಅರ್ಧ ಏರಿ ಜಲ್ಲಿಯಲ್ಲಿ ಜಾರಿತು, ಅಡ್ಡವಾಯಿತು, ಇನ್ನೇನು ಮಗುಚಬೇಕು. "ಹತ್ತು, ಹತ್ತು ಮಗಾ!" ಎಂದು ಕೂಗಿದ್ದು ಅಪ್ಪ. ಅಕ್ಕ ತುಸು ಹಿಂದೆ ತಂದು, ಓರೆ ಸರಿಮಾಡಿ, ಮತ್ತೆ ಒತ್ತಿದಳು. ಹತ್ತಿತು! ನೋಡಲಿಕ್ಕೆ ನಾವು ಮೂವರು ಮತ್ತು ಆ ಮುದುಕರು ಬಿಟ್ಟರೆ ಯಾರೂ ಇರಲಿಲ್ಲ. ಹಿಂದಿರುಗುವಾಗ ಅಪ್ಪ ಸೀಟಿನಲ್ಲಿ ಕೂತು ಟ್ಯಾಂಕನ್ನು ತಾವೇ ಮಡಿಲಲ್ಲಿಟ್ಟುಕೊಂಡರು.

ಅಕ್ಕ ಈಗ ರೈಲು ದುರಸ್ತಿಯ ಶೆಡ್ಡಿನಲ್ಲಿ ಎಂಜಿನಿಯರ್. ಭಾಂಡುಪಿನ ಆ ಮನೆ ಕೆಡವಿ ಟವರ್ ಕಟ್ಟಿದ್ದಾರೆ. ಅಪ್ಪ ತೀರಿಹೋಗಿ ಕೆಲವು ವರ್ಷಗಳಾದವು. ಟ್ಯಾಂಕು ನನ್ನ ಶೋಕೇಸಿನಲ್ಲಿದೆ. ಅದರ ಗೇರುಗಳ ಮೂಲೆಗಳಲ್ಲಿ ಆ ಎಣ್ಣೆ ಇನ್ನೂ ಅಷ್ಟಿಷ್ಟು ಉಳಿದಿದೆ. "ಇರ್ಲಿ, ತೆಗೀಬೇಡ" ಎನ್ನುತ್ತಾಳೆ ಅಕ್ಕ.

ಮುಂಬಯಿಯಲ್ಲೀಗ ಆ ಚಳಿಯೂ ಇಲ್ಲ. ಈ ಜನವರಿಯಲ್ಲಿ ಎಣ್ಣೆ ಬಾಟಲಿ ಕಿಟಕಿಯಲ್ಲಿ ನೀರಿನ ಹಾಗೇ ಇತ್ತು. ಟ್ಯಾಂಕಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ಸಲೀಸಾಗಿ ತಿರುಗಿತು. ಒಮ್ಮೆಯಾದರೂ ಹೆಪ್ಪುಗಟ್ಟಿ ನಿಲ್ಲಬಾರದೇ ಎಂದು ಸಂಕಟವಾಯಿತು. ನಿಂತರೂ, ಅದನ್ನು ಮುಚ್ಚಿ ಹಿಡಿಯುವ ಆ ಎರಡು ಕೈಗಳಿಲ್ಲ.