ಬಬಲೇಶ್ವರದ ಅಕ್ಕಾರು ಹುಡುಕಿದ ಮುಖ

ಕಳೆದ ತಿಂಗಳು ಅತ್ತೆಯವರ ಟ್ರಂಕು ತೆರೆದೆ. ಸಂಬಂಧಿಕರ ಮದುವೆಗೆಂದು ಒಂದು ಇಳಕಲ್ ಸೀರೆ ತೆಗೆಯಬೇಕಿತ್ತು. ಮುಚ್ಚಳ ಎತ್ತಿದ ಕೂಡಲೇ ಡಾಂಬರು ಗುಳಿಗೆಯ ಘಾಟು, ಅದರ ಕೆಳಗೆ ಹಳೆಯ ಕಾಗದದ ಮುಗ್ಗು ವಾಸನೆ, ಎರಡೂ ಕೂಡಿ ಮುಖಕ್ಕೆ ಬಡಿದವು. ಸೀರೆ ಕೈಯಲ್ಲಿ ಹಿಡಿದವಳು ಹಾಗೇ ಕುಳಿತುಬಿಟ್ಟೆ. ಕುಳಿತದ್ದು ಜಲನಗರದ ಮನೆಯಲ್ಲಿ. ಮನಸ್ಸು ಹೋಗಿದ್ದು ಬಬಲೇಶ್ವರದ ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಕೋಣೆಗೆ. ಆ ಕೋಣೆಗೆ ಇದೇ ವಾಸನೆ ಇತ್ತು. ಸುತ್ತಲಿನ ಹಳ್ಳಿಯವರು ಟ್ರಂಕಿನ ತಳದಿಂದ ತೆಗೆದು ತರುತ್ತಿದ್ದ ಫೋಟೋಗಳ ವಾಸನೆ. ಅವುಗಳ ನಡುವೆ ಅಕ್ಕಾರು ಕುಳಿತಿರುತ್ತಿದ್ದರು...

ಆಗ ನಾನು ವಿಜಯಪುರದ ಒಂದು ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಉಳಿದಿರುವ ಹಳೆಯ ಫೋಟೋಗಳನ್ನು, ಹಿರಿಯರ ಮಾತುಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಸಂಸ್ಥೆ ಅದು. ಟಿಕೋಟಾದಲ್ಲಿ ಒಂದು ಕೇಂದ್ರ, ಬಬಲೇಶ್ವರದಲ್ಲಿ ಒಂದು. ಅಲ್ಲಿಯವರು ಹಳೆಯ ಫೋಟೋವನ್ನು ಕ್ಯಾಮೆರಾದ ಕೆಳಗಿಟ್ಟು ಪ್ರತಿ ತೆಗೆದುಕೊಂಡು ಮೂಲವನ್ನು ತಂದವರ ಕೈಗೇ ಮರಳಿಸುತ್ತಿದ್ದರು. ಅದರಲ್ಲಿ ಯಾರು ಯಾರಿದ್ದಾರೆ ಎಂಬುದನ್ನು ತಂದವರ ಬಾಯಿಂದಲೇ ಹೇಳಿಸಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದರು. ಒಂದು ಕಡೆ ಹಾಕಿದ್ದು ಸಿಂಕ್ ಆಗಿ ಉಳಿದೆರಡು ಕಡೆಯೂ ಕಾಣಿಸಬೇಕು. ಆಗುತ್ತದೋ ಇಲ್ಲವೋ ನೋಡುತ್ತಿರುವುದು ನನ್ನ ಕೆಲಸ. ತೆರೆಯ ಮೇಲೆ ಪ್ರತಿ ಫೈಲಿನ ಮುಂದೆ ಒಂದು ಚುಕ್ಕಿ. ಹೊರಟಿದ್ದರೆ ಹಳದಿ, ಮುಟ್ಟಿದರೆ ಹಸಿರು, ನಿಂತರೆ ಕೆಂಪು. ಏನು ಕೆಲಸವೆಂದು ಯಾರಾದರೂ ಕೇಳಿದರೆ, ಚುಕ್ಕಿ ಕಾಯುತ್ತೇನೆ ಎನ್ನುತ್ತಿದ್ದೆ.

ಕೆಂಪು ಚುಕ್ಕಿಗೆ ಹೆದರಬೇಕಿರಲಿಲ್ಲ, ಅದು ಕಣ್ಣಿಗೆ ಬೀಳುತ್ತದೆ. ಹೆದರಿಕೆ ಇದ್ದದ್ದು ಸುಳ್ಳು ಹಸಿರಿನದು. ಕರೆಂಟು ಹೋಗಿ ಬಂದಾಗ ಕೇಂದ್ರದ ಕಂಪ್ಯೂಟರು ಏಳುತ್ತಿತ್ತು, ಅದರೊಳಗಿನ ಸಿಂಕ್ ಮಾತ್ರ ಕೆಲವು ಸಲ ಏಳುತ್ತಿರಲಿಲ್ಲ. ನನ್ನ ಮುಂದೆ ನಿನ್ನೆಯ ಹಸಿರು ಹಾಗೇ ನಿಂತಿರುತ್ತಿತ್ತು. ಅದಕ್ಕೇ ದಿನಾ ಮುಂಜಾನೆ ಎರಡೂ ಕೇಂದ್ರದವರು ಒಂದೊಂದು ಪರೀಕ್ಷೆಯ ಫೈಲು ಕಳಿಸಬೇಕು, ನಾನು ಅದನ್ನು ತೆರೆದು ನೋಡಿ ಫೋನ್ ಮಾಡಿ ಹೇಳಬೇಕು ಎಂದು ನಿಯಮ. ಟಿಕೋಟಾದವರು ಖಾಲಿ ಹಾಳೆ ಕಳಿಸುತ್ತಿದ್ದರು. ಬಬಲೇಶ್ವರದ ಕೇಂದ್ರ ನೋಡಿಕೊಳ್ಳುತ್ತಿದ್ದ ಅಕ್ಕಾರು ದಾರಿಯಲ್ಲಿ ಕಂಡದ್ದರ ಫೋಟೋ ಕಳಿಸುತ್ತಿದ್ದರು. ಬಿಸಿಲಿಗೆ ಹರವಿದ ಮೆಣಸಿನಕಾಯಿ, ಬಸ್ಸಿನ ಟಾಪಿನ ಮೇಲೆ ಕಟ್ಟಿದ್ದ ಕಬ್ಬಿಣದ ಮಂಚ. ಅವರ ಯಜಮಾನರು ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಆ ಅಂಗಡಿಯ ಮುಂದೆ ಬಿಚ್ಚಿ ಹಾಕಿದ ಮೋಟಾರಿನ ಮೇಲೆ ಮಲಗಿದ ಬೆಕ್ಕು. ಒಂದು ದಿನ ತಮ್ಮ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಫೋಟೋ ತೆಗೆದು ಕಳಿಸಿದ್ದರು. ಬಂತ್ರಿ ಅಕ್ಕಾರ ಎಂದು ಫೋನ್ ಮಾಡಿದರೆ, ಅದು ಬಂತು, ನೀ ಯಾವಾಗ ಬರ್ತಿ ಉಣ್ಣಾಕ ಎಂದರು. ಮೊದಮೊದಲು ಮೇಡಮ್ಮಾರ ಎನ್ನುತ್ತಿದ್ದವರು ಅಷ್ಟೊತ್ತಿಗೆ ತಂಗಿ ಎನ್ನತೊಡಗಿದ್ದರು. ಸಂಜೆ ಆ ಪರೀಕ್ಷೆಯ ಫೈಲುಗಳನ್ನು ಅಳಿಸಬೇಕೆಂಬುದೂ ನಿಯಮವೇ. ಅಳಿಸುತ್ತಿದ್ದೆ. ಅವು ಯಾವುವೂ ಈಗ ಇಲ್ಲ.

ಒಂದು ವಿಷಯ ನನ್ನ ಗಮನಕ್ಕೆ ಬಂದದ್ದು ತಡವಾಗಿ. ಯಾವ ಫೈಲನ್ನು ಯಾವ ಕೇಂದ್ರದಲ್ಲಿ ತೆರೆದರು ಎಂಬುದೂ ನನ್ನ ತೆರೆಯ ಮೇಲೆ ಕಾಣುತ್ತಿತ್ತು. ಸಾರವಾಡದ ಫೋಟೋಗಳನ್ನು ಬಬಲೇಶ್ವರದಲ್ಲಿ ಮತ್ತೆ ಮತ್ತೆ ತೆರೆಯುತ್ತಿದ್ದರು. ಬೇರೆ ಊರಿನವನ್ನು ಒಂದು ಸಲ ನೋಡಿ ಮುಚ್ಚಿದರೆ, ಸಾರವಾಡದ್ದು ಇವತ್ತು, ನಾಳೆ, ಮತ್ತೆ ಮುಂದಿನ ವಾರ. ಫೈಲುಗಳೇನಾದರೂ ಕೆಟ್ಟಿವೆಯೇ ಎಂದು ಒಂದು ದಿನ ಫೋನಿನಲ್ಲಿ ಅಕ್ಕಾರನ್ನು ಕೇಳಿದೆ.

"ಕೆಟ್ಟಿಲ್ಲ ತಂಗಿ. ನಮ್ಮವ್ವ ಸಾರವಾಡದಾಕಿ. ನಾ ಎಳೀ ಕೂಸಿದ್ದಾಗ ಹೋದಳು. ಆಕಿ ಮಾರಿ ಹ್ಯಾಂಗಿತ್ತು ನನಗ ಗೊತ್ತಿಲ್ಲ."

ಆಮೇಲೆ ಬಿಟ್ಟು ಬಿಟ್ಟು ಹೇಳಿದರು. ಮುಖ ನೋಡೋಣವೆಂದರೆ ಅವ್ವನ ಒಂದು ಫೋಟೋವೂ ಮನೆಯಲ್ಲಿ ಇರಲಿಲ್ಲ. ಅಪ್ಪ ಮತ್ತೆ ಮದುವೆಯಾದರು. ಬಂದ ಚಿಗವ್ವ ಇವರನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಿಂತ ಹೆಚ್ಚಾಗಿ ಬೆಳೆಸಿದಳು. ಅದೇ ಕಾರಣಕ್ಕೆ ಅವ್ವನ ಮಾತನ್ನು ಮನೆಯಲ್ಲಿ ಎತ್ತಲು ಆಗಿರಲಿಲ್ಲ. ತಾನು ಏನು ಕಡಿಮೆ ಮಾಡಿದ್ದೆ ಎಂದು ಚಿಗವ್ವ ನೊಂದುಕೊಂಡಾಳು ಎಂಬ ಅಂಜಿಕೆ. ಸಾರವಾಡದಲ್ಲಿ ಅವ್ವನ ತವರಿನವರು ಯಾರೂ ಉಳಿದಿರಲಿಲ್ಲ, ಮನೆಯೂ ಕೈಬದಲಾಗಿತ್ತು. ಆದರೆ ಬೇರೆ ಮನೆಯ ಮದುವೆಯಲ್ಲೋ ಸೀಮಂತದಲ್ಲೋ ಯಾರಾದರೂ ತೆಗೆಸಿದ ಫೋಟೋದ ಮೂಲೆಯಲ್ಲಿ ಅವ್ವ ನಿಂತಿರಬಹುದಲ್ಲ... ಈ ಕೆಲಸಕ್ಕೆ ಅವರು ಸೇರಿದ್ದೇ ಆ ಒಂದು ಆಸೆಯಿಂದ.

ಅವತ್ತಿನಿಂದ ಸಾರವಾಡ ಎಂಬ ಹೆಸರು ಕಂಡರೆ ನಾನೂ ತೆರೆದು ನೋಡತೊಡಗಿದೆ. ಆದರೆ ಕೊನೆಗೆ ಸಿಕ್ಕಿದ್ದು ಸಾರವಾಡದಿಂದ ಬಂದವುಗಳಲ್ಲಿ ಅಲ್ಲ. ಟಿಕೋಟಾದ ಕೇಂದ್ರಕ್ಕೆ ಬಿಜ್ಜರಗಿಯ ಒಬ್ಬ ವಯಸ್ಸಾದ ಆಯಿ ಒಂದು ಫೋಟೋ ತಂದಿದ್ದಳು. ಮಾತಿನ ಫೈಲು ಸಣ್ಣದು, ಬೇಗ ಬಂತು. ಫೋಟೋದ ಫೈಲು ದೊಡ್ಡದು, ಇನ್ನೂ ಹಳದಿಯಲ್ಲೇ ಇತ್ತು. ಎಂದಿನಂತೆ ಮಾತು ಸರಿಯಾಗಿ ಕೇಳುತ್ತದೆಯೇ ನೋಡಲು ಕಿವಿಗೆ ಹಾಕಿಕೊಂಡೆ. ಇದು ಸಾರವಾಡದಲ್ಲಿ ನಮ್ಮ ಅಣ್ಣನ ಮದುವೆಯಲ್ಲಿ ತೆಗೆಸಿದ್ದು, ನನ್ನ ತವರು ಅದೇ ಎಂದು ಆಯಿ ಶುರು ಮಾಡಿದಳು. ಮದುಮಕ್ಕಳು, ಹಿರಿಯರು ಎಲ್ಲರ ಹೆಸರು ಮುಗಿದ ಮೇಲೆ ದನಿ ಸ್ವಲ್ಪ ಇಳಿಯಿತು.

"ಹಿಂದ ಹುಡುಗ್ಯಾರಿಬ್ರು ನಿಂತೀವಿ ನೋಡ್ರಿ, ಅದರಾಗ ಎಡಕ್ಕ ನಿಂತಾಕಿ ನನ್ನ ಗೆಳತಿ. ಬಬಲೇಶ್ವರಕ್ಕ ಕೊಟ್ಟಿದ್ರು. ಎಳೀ ಕೂಸು ಬಿಟ್ಟು ಹೋದಳು ಪಾಪ."

ಗೆಳತಿಯ ಹೆಸರನ್ನೂ ಹೇಳಿದಳು. ಅಕ್ಕಾರು ನನಗೆ ಹೇಳಿದ್ದ ಹೆಸರು ಅದೇ.

ಆ ಮಾತನ್ನು ಮತ್ತೊಮ್ಮೆ ಹಾಕಿ ಕೇಳಿದೆ. ಸ್ವಲ್ಪ ಹೊತ್ತಿಗೆ ಫೋಟೋವೂ ನನ್ನಲ್ಲಿಗೆ ಬಂತು. ಬಬಲೇಶ್ವರದ ಚುಕ್ಕಿ ಮಾತ್ರ ಕೆಂಪಗೇ ಇತ್ತು. ನೀರಿನ ಪೈಪು ಹಾಕಲು ರಸ್ತೆ ಅಗೆಯುವಾಗ ಅಲ್ಲಿ ಇಂಟರ್ನೆಟ್ಟಿನ ಕೇಬಲ್ಲು ತುಂಡಾಗಿತ್ತು. ಫೋನ್ ಮಾಡಿ ವಿಷಯ ಹೇಳಿದೆ. ಎರಡನೆಯ ಮಾತು ಆಡುವಷ್ಟರಲ್ಲಿ ಅಕ್ಕಾರು ತಡೆದರು.

"ಹ್ಯಾಂಗದಾಳ ಅಂತ ಹೇಳಬ್ಯಾಡ ತಂಗಿ. ನಾನ ನೋಡ್ತೀನಿ."

ನಿಮ್ಮ ಮೊಬೈಲಿಗೆ ಹಾಕಲೇ ಎಂದೆ. ಅಷ್ಟು ಸಣ್ಣ ಗಾಜಿನಲ್ಲಿ ಬೇಡ ಎಂದರು. ಹಾಗಾದರೆ ಬಸ್ಸು ಹತ್ತಿ ಇಲ್ಲಿಗೇ ಬನ್ನಿ ಎಂದೆ. ಅದಕ್ಕೂ ಒಪ್ಪಲಿಲ್ಲ. ಹಳ್ಳಿಯಿಂದ ಒಂದು ಮನೆಯವರು ಟ್ರಂಕು ಹೊತ್ತುಕೊಂಡು ಬಂದು ಕುಳಿತಿದ್ದಾರೆ, ಅವರನ್ನು ವಾಪಸ್ ಕಳಿಸಿ ಹೇಗೆ ಬರಲಿ, ಇಷ್ಟು ವರ್ಷ ಕಾದಿದ್ದೇನೆ, ನಾಳೆವರೆಗೆ ಕಾಯುತ್ತೇನೆ ಎಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೇಬಲ್ಲು ಜೋಡಿಸಿದರು. ನಿಂತಿದ್ದ ಫೈಲುಗಳೆಲ್ಲ ಒಮ್ಮೆಲೇ ಹೊರಟವು. ಆ ಒಂದು ಫೋಟೋವನ್ನು ಸಾಲಿನ ಮುಂದಕ್ಕೆ ತಂದೆ. ಹಳದಿಯಾಯಿತು. ಟೇಬಲ್ಲಿನ ಅಂಚು ಹಿಡಿದುಕೊಂಡು ಅದನ್ನೇ ನೋಡುತ್ತ ಕುಳಿತೆ. ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವಳಲ್ಲ. ಹಸಿರಾಯಿತು. ಅಲ್ಲಿ ತೆರೆದದ್ದೂ ನನಗೆ ಕಾಣಿಸಿತು. ಫೋನ್ ಬರಲಿಲ್ಲ. ನಾನೇ ಮಾಡಬೇಕೆಂದು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಅಲ್ಲಿ ತಾಯಿ ಮಗಳು ಇದ್ದಾರೆ, ನಡುವೆ ನಾನೇಕೆ ಎನ್ನಿಸಿತು... ಸಂಜೆ ಕಚೇರಿ ಮುಚ್ಚುವಾಗ ಅವರೇ ಮಾಡಿದರು.

"ನಮ್ಮವ್ವ ನನಗಿಂತ ಸಣ್ಣಾಕಿ ಅದಾಳಲ್ಲ, ತಂಗಿ. ನನ್ನ ಮಗಳ ವಾರಿಗಿಯಾಕಿ."

ಅಷ್ಟೇ ಹೇಳಿ ಇಟ್ಟುಬಿಟ್ಟರು. ಅದೇ ವಯಸ್ಸಿನ ಅವರ ಮಗಳು ಆಗ ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು.

ಮುಂದಿನ ಭಾನುವಾರ ನಾವಿಬ್ಬರೂ ಬಿಜ್ಜರಗಿಗೆ ಹೋದೆವು. ಟಿಕೋಟಾವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಆಯಿಯ ಉಡಿ ತುಂಬಲೆಂದು ಅಕ್ಕಾರು ಒಂದು ಖಣ, ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಬಂದಿದ್ದರು. ದ್ರಾಕ್ಷಿ ತೋಟದ ಪಕ್ಕದಲ್ಲೇ ಮನೆ. ಆಯಿ ಕಟ್ಟೆಯ ಮೇಲೆ ಕುಳಿತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದಳು, ಕಾಲಿನ ಹತ್ತಿರ ಎರಡು ಆಡಿನ ಮರಿಗಳು. ಯಾರ ಮಗಳೆಂದು ತಿಳಿದ ಮೇಲೆ ಅಕ್ಕಾರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅಕ್ಕಾರು ಚೀಲದಿಂದ ಫೋಟೋದ ಪ್ರತಿ ತೆಗೆದು, ಹಿಂದಿನ ಸಾಲಿನ ಎಡಗಡೆ ನೆಟ್ಟಗೆ ನಿಂತ ಹುಡುಗಿಯ ಮೇಲೆ ಬೆರಳಿಟ್ಟು, ಇಕಿ ನಮ್ಮವ್ವ ಎಂದರು.

ಆಯಿ ಕಾಗದವನ್ನು ಕಣ್ಣಿನ ಹತ್ತಿರ ತಂದಳು.

"ಅದು ನಾನ ಅದೇನಿ ಬೇ."

ಆಕೆ ಎಡ ಎಂದದ್ದು ಫೋಟೋದಲ್ಲಿ ನಿಂತವರ ಎಡ. ನಾವು ನೋಡಿದ್ದು ನಮ್ಮ ಎಡ. ಅಕ್ಕಾರ ಬೆರಳನ್ನು ಹಿಡಿದು ಆಯಿ ಪಕ್ಕದ ಹುಡುಗಿಯ ಮೇಲೆ ಇಟ್ಟಳು. ಆ ಹುಡುಗಿ ಫೋಟೋ ತೆಗೆಯುವ ಹೊತ್ತಿಗೆ ಮುಖ ಹೊರಳಿಸಿದ್ದಳು. ಒಂದು ಕಿವಿ, ಕಿವಿಯ ಹಿಂದೆ ಇಳಿದ ಹೂವು, ಕೆನ್ನೆಯ ಅಂಚು ಕಾಣುತ್ತಿತ್ತು. ಕಣ್ಣು, ಮೂಗು ಎಲ್ಲ ಕಲಸಿಹೋಗಿತ್ತು. ನನಗೆ ನೆಲ ನೋಡುವಂತಾಯಿತು. ಇಷ್ಟು ದಿನ ಯಾರದೋ ಮುಖಕ್ಕೆ ಅವ್ವಾ ಎಂದೆನಲ್ಲ ಎಂದು ಅಕ್ಕಾರು ಮೆಲ್ಲಗೆ ಅಂದರು. ಅಂದರೆ ಏನಾಯಿತು, ಅನ್ನಿಸಿಕೊಳ್ಳುವವಳು ಇನ್ನೂ ಬದುಕಿದ್ದೇನಲ್ಲ ಎಂದು ಆಯಿ ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಅಕ್ಕಾರು, ಅವ್ವ ಮುಖ ಯಾಕೆ ಹೊರಳಿಸಿದಳು ಎಂದು ಕೇಳಿದರು.

"ಫೋಟೋದಾಂವ ನಗಬ್ಯಾಡ್ರಿ, ಅಳಗ್ಯಾಡಬ್ಯಾಡ್ರಿ ಅಂದಿದ್ದ. ನಾ ನಗು ಹಿಡಕೊಂಡೆ. ಆಕಿಗೆ ತಡಕೊಳ್ಳಾಕ ಆಗಲಿಲ್ಲ. ನಿಮ್ಮವ್ವ ಭಾಳ ನಗತಿದ್ದಳು, ಮಗಳ."

ಅಕ್ಕಾರು ಆ ಕಲಸಿಹೋದ ಜಾಗವನ್ನು ಮತ್ತೆ ನೋಡಿದರು. ಈ ಸಲ ಅವರ ಮುಖ ಬೇರೆಯಾಗಿತ್ತು. ತಿರುಗಿ ಬರುವಾಗ ಟಿಕೋಟಾ ದಾಟುವ ಹೊತ್ತಿಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರು. ವಿಜಯಪುರದ ಬಸ್ ನಿಲ್ದಾಣ ಬರುವವರೆಗೆ ನಾನು ಅಲುಗಾಡಲಿಲ್ಲ.

ಮನೆಯಲ್ಲಿ ಅವರು ಆ ಫೋಟೋವನ್ನು ಮುಚ್ಚಿಡಲಿಲ್ಲ. ಚಿಗವ್ವನ ಮುಂದೆಯೇ ಇಟ್ಟರಂತೆ. ಆಕೆ ಇದರಲ್ಲಿ ನನ್ನ ಅಕ್ಕ ಯಾರು ಎಂದಷ್ಟೇ ಕೇಳಿ, ತಾನೇ ಮೊಳೆ ಹುಡುಕಿ ತಂದು, ಪಡಸಾಲೆಯ ಗೋಡೆಗೆ ಹೊಡೆಸಿದಳಂತೆ. ಅವ್ವನನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಡಲೇ ಎಂದು ನಾನು ಕೇಳಿದ್ದೆ. ಬೇಡ, ಉಳಿದವರನ್ನೂ ಯಾರಾದರೂ ಹುಡುಕುತ್ತಿರಬಹುದು ಎಂದಿದ್ದರು. ಆಮೇಲೆ ಹಬ್ಬಕ್ಕೊಮ್ಮೆ ಬಿಜ್ಜರಗಿಗೆ ಹೋಗಿ ಬರುತ್ತಿದ್ದರು, ಆಯಿ ಇರುವವರೆಗೂ.

ಬಬಲೇಶ್ವರದ ಕೇಂದ್ರ ಬಹಳ ವರ್ಷ ನಡೆಯಲಿಲ್ಲ. ಸಂಸ್ಥೆಗೆ ಎರಡು ಕೇಂದ್ರ ನಡೆಸುವುದು ಕಷ್ಟವಾಯಿತು. ಕಂಪ್ಯೂಟರು, ಕ್ಯಾಮೆರಾ ಟೆಂಪೋದಲ್ಲಿ ವಿಜಯಪುರಕ್ಕೆ ಬಂದವು. ಸಾಮಾನು ಎತ್ತಿ ಇಳಿಸುವಾಗ ಗಾಜು ಒಡೆದೀತೆಂದು ಅಕ್ಕಾರೂ ಅದರಲ್ಲೇ ಕುಳಿತು ಬಂದಿದ್ದರು. ಆವತ್ತು ನಮ್ಮ ಮನೆಯಲ್ಲಿ ಊಟ ಮಾಡಿ ಹೋದರು. ನನಗೆ ಮದುವೆಯಾಯಿತು, ಮಗುವಾಯಿತು. ದಿನಾ ಇದ್ದ ಫೋನು ವಾರಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ... ನಡುವೆ ಅವರಿಗೆ ಕಿಡ್ನಿಯ ತೊಂದರೆ ಇತ್ತೆಂಬುದು ನನಗೆ ಗೊತ್ತಾಗಲಿಲ್ಲ. ಅವರೂ ಹೇಳಲಿಲ್ಲ. ಅವರ ಮಗಳು ಫೋನ್ ಮಾಡಿದಾಗ ಎಲ್ಲ ಮುಗಿದಿತ್ತು.

ಹೋಗಿ ಬಂದೆ. ಮಗಳ ಮೊಬೈಲಿನಲ್ಲಿ ಅವಳ ಅವ್ವನ ಫೋಟೋಗಳು ಬೇಕಾದಷ್ಟಿದ್ದವು. ಮದುವೆಯಲ್ಲಿ, ಮೊಮ್ಮಗನ ತೊಟ್ಟಿಲ ಪಕ್ಕದಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ. ಒಂದೊಂದಾಗಿ ತೋರಿಸಿದಳು. ಎಲ್ಲವೂ ಚೆನ್ನಾಗಿದ್ದವು. ಆದರೆ ಅವು ಅವಳ ಅವ್ವನವು. ದಿನಾ ಮುಂಜಾನೆ ನನ್ನೊಡನೆ ಮಾತಾಡುತ್ತಿದ್ದ, ಆ ಕೋಣೆಯಲ್ಲಿ ಕುಳಿತ ಅಕ್ಕಾರ ಒಂದು ಫೋಟೋವೂ ಯಾರ ಹತ್ತಿರವೂ ಇಲ್ಲ. ಊರವರ ಫೋಟೋ ತೆಗೆಯುತ್ತ ಕುಳಿತವರು ನಾವು, ಇಬ್ಬರೂ ಒಟ್ಟಿಗೆ ಒಂದು ಸಲವೂ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ.

ನಾನು ಈಗಲೂ ಅದೇ ಸಂಸ್ಥೆಯಲ್ಲಿದ್ದೇನೆ. ಹಳೆಯ ಫೈಲುಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುತ್ತಿದ್ದೇವೆ. ಅದು ತಾನೇ ಎಲ್ಲವನ್ನೂ ತಪಾಸಣೆ ಮಾಡಿ, ಕುಂದು ಇದ್ದವನ್ನು ಬೇರೆ ಇಡುತ್ತದೆ. ಮೊನ್ನೆ ಹಾಗೆ ಬೇರೆಯಾದವುಗಳಲ್ಲಿ ಬಬಲೇಶ್ವರದ ಒಂದು ಫೋಟೋ ಇತ್ತು. ಯಾವುದೋ ಮನೆಯ ಅಜ್ಜ ಅಜ್ಜಿ, ಸುತ್ತ ಮೊಮ್ಮಕ್ಕಳು. ಮೂಲ ಫೋಟೋ ಸುರುಳಿ ಸುತ್ತಿಕೊಂಡಿತ್ತೆಂದು ಕಾಣುತ್ತದೆ, ಅದನ್ನು ಅದುಮಿ ಹಿಡಿದ ಎರಡು ಬೆರಳು ಕೆಳಗಿನ ಮೂಲೆಯಲ್ಲಿ ಬಿದ್ದಿದ್ದವು. ಆ ಕೇಂದ್ರದಲ್ಲಿ ಇದ್ದವರು ಅಕ್ಕಾರು ಒಬ್ಬರೇ. ಉಗುರಿನ ಪಕ್ಕ ಒಂಚೂರು ಅರಿಸಿನ, ಮುಂಜಾನೆಯ ಅಡಿಗೆಯದು ಇರಬೇಕು.

ತಿರುಗಿ ತೆಗೆಸಬೇಕೇ ಎಂದು ತೆರೆ ಕೇಳುತ್ತಿತ್ತು. ಆ ಮನೆಯವರ ಮುಖಗಳೆಲ್ಲ ಸ್ವಚ್ಛವಾಗಿ ಬಂದಿದ್ದವು. ಬೇಡ ಎಂದು ಒತ್ತಿದೆ. ಆಮೇಲೂ ಅದನ್ನು ಮುಚ್ಚಲು ಮನಸ್ಸಾಗದೆ, ಆ ಎರಡು ಬೆರಳುಗಳನ್ನು ನೋಡುತ್ತ ಕುಳಿತೆ...